ನಡುನೀರಿನ ನಿಂಬೆಹಣ್ಣು

ಸಹಕಾರನಗರದಲ್ಲಿ ಮನೆಗಳು ಇನ್ನೂ ವಿರಳವಾಗಿದ್ದ ಕಾಲ. ನಮ್ಮ ಹಿತ್ತಲ ಹಿಂದೆ ಮಳೆನೀರು ಹರಿಯುವ ರಾಜಕಾಲುವೆಯಲ್ಲಿ ನೀರಿನ ವೇಗ ಅಳೆಯಲು ಇಂಜಿನಿಯರ್ ಒಬ್ಬರು ಬಂದರು. ವೇಗ ಹೆಚ್ಚೆಂದು ಬಂದರೆ ಕಾಲುವೆ ಅಗಲವಾಗುತ್ತದೆ, ಅಂಚಿನಲ್ಲಿರುವ ನನ್ನ ನುಗ್ಗೆಮರ ಹೋಗುತ್ತದೆ. ಅವರು ನಿಂಬೆಹಣ್ಣೊಂದನ್ನು ಸರಿಯಾಗಿ ನಡುನೀರಿಗೇ ಎಸೆದು, ಅದು ಎಷ್ಟು ಬೇಗ ತೇಲಿಹೋಗುತ್ತದೆಂದು ಗಡಿಯಾರ ನೋಡಿದಾಗ ನನಗೆ ಅನುಮಾನ ಬಂತು.

"ನಡುವೆ ಜೋರಿರುತ್ತೆ ಅಂತ ಬೇಕಂತಲೇ ಅಲ್ಲಿ ಹಾಕ್ತೀರಾ? ಅಂಚಲ್ಲೂ ಹಾಕಿ."

"ಹಾಕ್ತೀನಮ್ಮ. ಅಂಚಲ್ಲಿ ಜೊಂಡು ತಡೆಯುತ್ತೆ, ತಳದಲ್ಲಿ ಕಲ್ಲು ತಡೆಯುತ್ತೆ. ಎಲ್ಲಾ ಸೇರಿಸಿ ಸರಾಸರಿ ತಗೋತೀವಿ."

"ಒಂದು ದಿನ ನೋಡಿ ಎಂಥ ಸರಾಸರಿ? ನಾನೂ ಬಿ.ಎಸ್ಸಿ. ಓದಿದವಳು ಕಣ್ರೀ."

ಒಳಗಿನಿಂದ ನನ್ನ ನೋಟ್‌ಬುಕ್ ತಂದುಕೊಟ್ಟೆ. ತೆಂಗಿನ ಚಿಪ್ಪು ತೇಲಿಬಿಟ್ಟು, ಅದು ಎರಡು ಗುರುತುಗಲ್ಲುಗಳನ್ನು ದಾಟಲು ಹಿಡಿದ ಹೊತ್ತನ್ನು ಮೂರು ವರ್ಷ ಬರೆದಿಟ್ಟಿದ್ದೆ.

ಪುಟ ತಿರುಗಿಸುತ್ತಿದ್ದವರು ಒಂದು ಕಡೆ ನಿಂತುಬಿಟ್ಟರು. "ಅಮ್ಮಾ, ದೊಡ್ಡ ಮಳೆ ದಿನಗಳದ್ದೂ ಇದೆಯಲ್ಲ! ಇವತ್ತಿಗಿಂತ ಎಷ್ಟೋ ಜೋರು. ಇದು ನಮ್ಮ ಆಫೀಸಲ್ಲೂ ಇಲ್ಲ. ಕಾಲುವೆ ನಾವಂದುಕೊಂಡಿದ್ದಕ್ಕಿಂತ ಅಗಲ ಬೇಕು."

ನನ್ನೆದುರೇ ಕೂತು ಎಲ್ಲವನ್ನೂ ನಕಲು ಮಾಡಿಕೊಂಡರು. ಅಕ್ಷರ ತುಂಬಾ ಸ್ಫುಟವಾಗಿದೆ ಎಂದು ಹೊಗಳಿದರು ಬೇರೆ.

ನುಗ್ಗೆಮರ ಹೋಯಿತು. ನಾನು ಈಗಲೂ ಬರೆದಿಡುತ್ತೇನೆ. ಆದರೆ ಅಳೆಯಲು ಬಂದವರಿಗೆ ಕಾಫಿ ಮಾತ್ರ ಕೊಡುತ್ತೇನೆ.