ನರ್ಸಬಾಯಿಯ ಶನಿವಾರಗಳು

ನಾನು ಬಿ.ಎ. ಮಾಡುವುದು ಸಾಧ್ಯವೇ ಇಲ್ಲ ಎಂದವರು ನಮ್ಮ ದೊಡ್ಡಪ್ಪ. ಹಿರೇಗುತ್ತಿಯ ಮನೆಯ ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ, ನಾಲ್ಕು ಜನರೆದುರೇ ಹೇಳಿದ್ದರು: “ಅದು ಆಗೂ ಮಾತಲ್ಲ. ನಮ್ಮಲ್ಲಿ ಗಂಡುಮಕ್ಕಳೇ ಏಳನೇ ಇಯತ್ತೆ ದಾಟ್ಲಿಲ್ಲ. ಇದು ಎಂತ ಕಡಿದು ಕಟ್ಟೆ ಹಾಕ್ತದೆ?”

ಸ್ವಲ್ಪ ಕಾಲ ಅವರ ಮಾತೇ ಗೆದ್ದಿತು. ಕುಮಟೆಯಲ್ಲಿ ಅವ್ವನ ತಂಗಿ, ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಮೊದಲ ವರ್ಷದ ಪರೀಕ್ಷೆಯಲ್ಲಿ ಇತಿಹಾಸದ ಪತ್ರಿಕೆ ಬರೆದು ಖುಷಿಯಿಂದ ಹೊರಗೆ ಬಂದರೆ ಗೇಟಿನ ಬಳಿ ಚಿಕ್ಕಮ್ಮ ನಿಂತಿದ್ದಳು. ನಾನು ಒಳಗೆ ಕೂತು ಬರೆಯುತ್ತಿದ್ದಾಗ ಊರಿನಲ್ಲಿ ಅವ್ವ ತೀರಿಕೊಂಡಿದ್ದಳು. ಉಳಿದ ಪತ್ರಿಕೆಗಳು ಹಾಗೇ ಹೋದವು. ಮರುವರ್ಷ ಅದೇ ಹಾಲಿನಲ್ಲಿ ಕೂತಾಗ ಕೈ ಏಳಲೇ ಇಲ್ಲ. ನಂಬರು ಮಾತ್ರ ಬರೆದು, ಖಾಲಿ ಹಾಳೆ ಕೊಟ್ಟು ಎದ್ದು ಬಂದೆ. ಆಮೇಲೆ ಕಾಲೇಜಿನ ಪುಸ್ತಕಗಳನ್ನೆಲ್ಲ ಪೆಟ್ಟಿಗೆಗೆ ತುಂಬಿ ಮುಚ್ಚಿಬಿಟ್ಟೆ.

ಪಕ್ಕದ ಮನೆಯಲ್ಲಿ ನರ್ಸಬಾಯಿ ಇದ್ದರು. ಮುಂಬಯಿ ಕಡೆಯ ಯಹೂದಿ ಹೆಂಗಸು. ಇಲ್ಲಿನ ಆಸ್ಪತ್ರೆಗೆ ವರ್ಗವಾಗಿ ಬಂದು, ಅರ್ಧ ಕುಮಟೆಯ ಹೆರಿಗೆ ಮಾಡಿಸಿ, ನಿವೃತ್ತರಾದ ಮೇಲೂ ಇಲ್ಲೇ ಉಳಿದವರು. ಈಗ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಪ್ರತಿ ಶನಿವಾರ ಅವರು ತಪ್ಪದೆ ಓದಬೇಕಾದ, ಅವರ ಧರ್ಮಗ್ರಂಥ ತೋರಾದ ಪಾಠ ಓದಲು ಆಗುತ್ತಿರಲಿಲ್ಲ.

“ಸುಮ್ನೆ ಗೋಡೆ ನೋಡ್ಕಂಡು ಕೂಕಂಬೂದಕ್ಕಿಂತ ಹೋಗಿ ಓದಿ ಹೇಳೇ ಮಾರಾಯ್ತಿ” ಎಂದು ಚಿಕ್ಕಮ್ಮ ನನ್ನನ್ನು ಅಟ್ಟಿದಳು. ಕೈಯಲ್ಲಿ ಒಂದು ಕುಪ್ಪಿ ಎಳ್ಳೆಣ್ಣೆಯನ್ನೂ ಕೊಟ್ಟಳು. ಶನಿವಾರ ನರ್ಸಬಾಯಿ ಒಲೆ ಹಚ್ಚದೆ, ಹಿಂದಿನ ದಿನದ ಅಡುಗೆಯನ್ನೇ ತಣ್ಣಗೆ ತಿನ್ನುವುದನ್ನು ಕಂಡು, ಅದು ಶನಿದೇವರ ವ್ರತವೆಂದೇ ಅವಳು ಎಷ್ಟೋ ವರ್ಷಗಳಿಂದ ತಿಳಿದಿದ್ದಳು. “ಸಾಡೇಸಾತಿ ಭಾರೀ ಉದ್ದ ಹೋತು ಅವ್ರಿಗೆ. ಈ ಎಣ್ಣೆ ದೀಪಕ್ಕೆ ಹಾಕೂಕೆ ಹೇಳು.”

ಹೇಳಿದೆ. ನರ್ಸಬಾಯಿ ಕುರ್ಚಿಯಲ್ಲೇ ಕುಲುಕಾಡಿ ನಕ್ಕರು. “ಅಗಂ ಪೋರಿ, ನನ್ನ ಸಾಡೇಸಾತಿ ನನ್ನ ಗಂಡ ಇದ್ದ. ಅವನು ಹೋದ, ಅದೂ ಹೋಯ್ತು. ಇದು ದೇವರು ಕೊಟ್ಟ ರಜೆ!” ಎಣ್ಣೆ ಮರುದಿನ ಅವರ ಮೊಣಕಾಲು ಸೇರಿತು.

ಪುಸ್ತಕ ಮರಾಠಿಯದು. ಹಿಂದಿ ಕಲಿತಿದ್ದರಿಂದ ಅಕ್ಷರ ಗೊತ್ತಿತ್ತು, ಅರ್ಥ ಅರ್ಧಂಬರ್ಧ. ಪರೀಕ್ಷೆಗಲ್ಲವಲ್ಲ ಎಂದುಕೊಂಡು ಓದತೊಡಗಿದೆ. ವಾರಕ್ಕೆ ಇಷ್ಟು ಎಂದು ಗೆರೆ ಕೊರೆದಂತೆ ಪಾಠ. ಬೇಡದ್ದನ್ನು ಬಿಡುವಂತಿಲ್ಲ, ಬೇಕೆಂದಲ್ಲಿ ನಿಲ್ಲುವಂತಿಲ್ಲ.

ಒಂದು ಶನಿವಾರದ ಪಾಠದಲ್ಲಿ, ಜನರನ್ನು ಮರುಭೂಮಿಯಲ್ಲಿ ನಡೆಸಿಕೊಂಡು ಹೋಗುವ ಮುಖಂಡನ ಅಕ್ಕ ಸತ್ತಳು. ಅರ್ಧ ಸಾಲಿನಲ್ಲಿ ಸಾವು, ಇನ್ನರ್ಧದಲ್ಲಿ ಮಣ್ಣು. ಮುಂದಿನ ಸಾಲಿಗೆ ಜನ ನೀರಿಲ್ಲವೆಂದು ಬೊಬ್ಬೆ ಹೊಡೆಯುತ್ತಿದ್ದರು. ನನಗೆ ಸಿಟ್ಟು ಬಂತು.

“ಇಷ್ಟೇಯಾ ಬಾಯೀ? ಒಬ್ರೂ ಅಳ್ಲಿಲ್ವಾ?”

“ಅತ್ತಿರಬೇಕು. ಆದ್ರೆ ಬಾಯಾರಿಕೆ ನಿಲ್ಲೋದಿಲ್ಲ, ಪೋರಿ. ಜನರಿಗೆ ನೀರು ಬೇಕು. ಓದು ಮುಂದೆ.”

ನಾನು ಓದಲಿಲ್ಲ. ಪುಸ್ತಕ ಮಡಿಲಲ್ಲಿಟ್ಟುಕೊಂಡು, ಅವ್ವ ಹೋದಾಗ ಅಳದಿದ್ದ ಅಳುವನ್ನೆಲ್ಲ ಅತ್ತೆ. ನರ್ಸಬಾಯಿ ಹೆರಿಗೆ ಮಾಡಿಸಿದ ಆ ಕೈಯನ್ನು ನನ್ನ ಬೆನ್ನ ಮೇಲೆ ಇಟ್ಟಿದ್ದರು. ಅಳು ಮುಗಿದ ಮೇಲೆ “ಆಯ್ತಾ? ಈಗ ಓದು” ಎಂದರು. ಓದಿದೆ.

ಮಳೆಗಾಲ ಕಳೆದು, ಅವರದೊಂದು ಹಬ್ಬದ ದಿನ ಕೊನೆಯ ಪಾಠ ಬಂತು. ಮುಖಂಡನೂ ಸತ್ತ, ಸೇರಬೇಕಿದ್ದ ನಾಡನ್ನು ದೂರದಿಂದ ಕಂಡಷ್ಟೇ ಭಾಗ್ಯ. ನಾನು ಪುಸ್ತಕ ಮುಚ್ಚಲು ಹೋದರೆ ನರ್ಸಬಾಯಿ ತಡೆದರು. “ಮುಚ್ಚಬೇಡ. ಮೊದಲನೇ ಹಾಳೆ ತೆಗಿ. ಇವತ್ತೇ ಶುರು ಮಾಡ್ಬೇಕು.” ಅದೇ ಉಸಿರಿನಲ್ಲಿ ಭೂಮಿ, ಆಕಾಶ, ಬೆಳಕು ಎಲ್ಲ ಹೊಸದಾಗಿ ಹುಟ್ಟಿದವು. ಮನೆಗೆ ಬಂದು ಹೊಟ್ಟೆ ತುಂಬ ಉಂಡೆ. ಎಷ್ಟು ದಿನವಾಗಿತ್ತೋ. ಮರುದಿನ ಪೆಟ್ಟಿಗೆಯಿಂದ ಕಾಲೇಜಿನ ಪುಸ್ತಕ ತೆಗೆದೆ.

ಪರೀಕ್ಷೆಯ ಹಾಲಿನಲ್ಲಿ ಕೈ ಮತ್ತೆ ಹಟ ಹಿಡಿಯಿತು. ಇರಲಿ, ಈ ವಾರದ ಪಾಠ ಇದು, ಬಿಡುವಂತಿಲ್ಲ ಎಂದುಕೊಂಡೆ. ಮೊದಲ ಸಾಲು ಸೊಟ್ಟಗಾಯಿತು, ಎರಡನೆಯದು ನೆಟ್ಟಗಾಯಿತು. ಆಮೇಲಿನ ಎರಡು ವರ್ಷಗಳನ್ನೂ ಹಾಗೇ ದಾಟಿದೆ. ಅಷ್ಟರಲ್ಲಿ ನರ್ಸಬಾಯಿ ಮುಂಬಯಿಗೆ ಹೋಗಿ ಕಣ್ಣಿನ ಆಪರೇಶನ್ ಮಾಡಿಸಿಕೊಂಡಿದ್ದರು. ಈಗ ತಾವೇ ಓದಿಕೊಳ್ಳುತ್ತಿರುವುದಾಗಿಯೂ, ನನ್ನ ಮರಾಠಿ ಕೇಳುವ ಕಷ್ಟ ತಪ್ಪಿತೆಂದೂ ಕಾರ್ಡು ಬರೆದರು.

ಬಿ.ಎ. ಪ್ರಮಾಣಪತ್ರ ಬಂದ ದಿನ ಚಿಕ್ಕಮ್ಮ ತಾನೂ ಹೊರಟಳು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು ನನ್ನ ಸಹಿ ಹಾಕಿಸಿಕೊಂಡು ಅದನ್ನು ಕೈಗಿತ್ತರು. ನಾನು ಚಿಕ್ಕಮ್ಮನ ಕೈಗಿಟ್ಟೆ. ಅವಳು ಬಹಳ ಹೊತ್ತು ನೋಡಿ, ಮೂಗು ಒರೆಸಿಕೊಂಡು ಅಂದಳು:

“ಅಕ್ಕ ಇದ್ದಿದ್ರೆ ಮೊದ್ಲು ಕೇಳ್ತಿತ್ತು, ಬೆಳಗ್ಗೆ ಎಂತಾರೂ ತಿಂದ್ಯಾ ಅಂತ. ತಿಂದ್ಯಾ?”