ಇಪ್ಪತ್ತೊಂದನೆಯ ಪ್ರಶ್ನೆ

ಪುಟ್ಟಬಸಮ್ಮ ಹೆಮ್ಮಿಗೆಯ ಬೇಸಾಯದ ಮನೆಯವಳು. ಹದಿನೈದು ವರ್ಷ ನರ್ಸ್ ಕೆಲಸ ಮಾಡಿ, ಮೂವತ್ತಾರು ದಾಟಿದ ಮೇಲೆ ರಜೆ ಹಾಕಿ ಡಿಗ್ರಿ ಓದಲು ಹೋದಳು. ಅದು ೧೯೮೬. ಕೋರ್ಸು ಮುಗಿಯಬೇಕಾದರೆ ಒಂದು ಅಧ್ಯಯನ ಮಾಡಿ ಬರೆದುಕೊಡಬೇಕಿತ್ತು. ಮೈಸೂರಿನಲ್ಲಿ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರು, ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮನೆಗೆ ಹೋದ ಮೇಲೆ ಅವರನ್ನು ಯಾರು, ಹೇಗೆ ನೋಡಿಕೊಳ್ಳುತ್ತಾರೆ ಎಂಬುದು ಅವಳು ಆರಿಸಿಕೊಂಡ ವಿಷಯ. ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಐವತ್ತೆಂಟು ಮನೆ, ಮನೆಗೆ ಇಪ್ಪತ್ತು ಪ್ರಶ್ನೆ.

"ನೋಡಿ, ಕೇಳಿ, ಬರ್ಕೊಳ್ಳಿ. ಕೈ ಹಾಕಕ್ಕೆ ಹೋಗ್ಬೇಡಿ" ಎಂದು ಅವಳ ಗೈಡ್ ಅಲಮೇಲು ಮೇಡಂ ಎಚ್ಚರಿಸಿದ್ದರು. "ಅಲ್ಲಿ ನೀವು ನರ್ಸಲ್ಲ, ಸಂಶೋಧನೆ ಮಾಡೋರು."

ಆ ಮಾತು ಮೊದಲ ವಾರವೇ ಮುರಿಯಿತು. ನಂಜನಗೂಡಿನಲ್ಲಿ ಕರಿಯಪ್ಪನೆಂಬ ಇಪ್ಪತ್ತಾರರ ಯುವಕನಿದ್ದ. ಎರಡೂ ಕಿಡ್ನಿ ಹೋಗಿ ವಾರಕ್ಕೆರಡು ಸಲ ಮೈಸೂರಿಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದವನು. ಅವನ ಮನೆಯ ಬಾಗಿಲಿಗೆ ಬರುವಷ್ಟರಲ್ಲಿ ಒಳಗಿನಿಂದ ಛಟೀರೆಂದು ಏಟಿನ ಸದ್ದು ಕೇಳಿತು. ಅದರ ಬೆನ್ನಿಗೇ ಇನ್ನೊಂದು. ಪುಟ್ಟಬಸಮ್ಮ ಒಳಗೆ ನುಗ್ಗಿದಳು. ಕರಿಯಪ್ಪನ ಎರಡೂ ಕೈಗಳನ್ನು ಮಂಚಕ್ಕೆ ಹಗ್ಗದಿಂದ ಬಿಗಿದಿದ್ದರು. ತುಟಿ ಒಡೆದು ರಕ್ತ ಗಲ್ಲಕ್ಕಿಳಿದಿತ್ತು. ಅವನ ತಾಯಿ ಕೆಂಪಾಜಮ್ಮ ಮೂರನೆಯ ಏಟಿಗೆ ಕೈ ಎತ್ತಿದ್ದಳು.

"ಯಾಕವ್ವ ಹೊಡೀತೀಯ ಅವನ್ನ?"

"ಎಮ್ಮೆಗಿಟ್ಟಿದ್ದ ಕಲಗಚ್ಚು ನೀರ್ಗೆ ಬಾಯಾಕ್ಬುಟ್ಟ ಕಣವ್ವ!" ಕೆಂಪಾಜಮ್ಮ ಕೂಗಿಕೊಂಡಳು. "ನೀರು ಜಾಸ್ತಿ ಕುಡುದ್ರೆ ಸತ್ತೋಯ್ತನೆ ಅಂತ ಡಾಕ್ಟ್ರು ಯೋಳವ್ರೆ. ಕಟ್ಟಾಕ್ದೆ ಇನ್ನೇನ್ ಮಾಡ್ಲಿ? ಇರೋನು ಇವ್ನೊಬ್ಬ."

ಹೊಡೆದ ಕೈಯಲ್ಲೇ ಅವಳು ಬಾಯಿ ಮುಚ್ಚಿಕೊಂಡು ಅತ್ತಳು. ಪುಟ್ಟಬಸಮ್ಮನ ಕಣ್ಣು ಮಾತ್ರ ಹಗ್ಗದ ಮೇಲಿತ್ತು. ಎಡಗೈ ಹಗ್ಗದ ಕೆಳಗೆ ಊದಿ ನೀಲಿಗಟ್ಟಿತ್ತು. ಡಯಾಲಿಸಿಸ್‌ಗೆ ಸೂಜಿ ಚುಚ್ಚುವ ಕೈ ಅದೇ. ಸೂಜಿಗೆಂದೇ ಆಪರೇಷನ್ ಮಾಡಿ ಕೂಡಿಸಿದ್ದ ರಕ್ತನಾಳ ಹಗ್ಗದ ಬಿಗಿತಕ್ಕೆ ಮುಚ್ಚಿಹೋದರೆ ರಕ್ತ ತೊಳೆಯುವುದಕ್ಕೇ ದಾರಿಯಿಲ್ಲ. ತಾಯಿ ಮಗನನ್ನು ಉಳಿಸಲು ಹೋಗಿ ಕೊಲ್ಲುತ್ತಿದ್ದಳು. ಪುಟ್ಟಬಸಮ್ಮ ಈಳಿಗೆ ಮಣೆಯನ್ನೇ ಎತ್ತಿಕೊಂಡು ಹಗ್ಗ ಕೊಯ್ದಳು. ಆಮೇಲೆ ಕೆಂಪಾಜಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒದ್ದೆ ಬಟ್ಟೆಯನ್ನು ತುಟಿಗೆ ಒತ್ತುವುದು, ನೀರು ಮುಕ್ಕಳಿಸಿ ಉಗಿಸುವುದು, ದಿನದ ನೀರನ್ನು ಒಂದೇ ಚೊಂಬಿನಲ್ಲಿ ಅಳೆದಿಟ್ಟು ಗುಟುಕು ಗುಟುಕಾಗಿ ಕೊಡುವುದು, ಎಲ್ಲವನ್ನೂ ಮಾಡಿ ತೋರಿಸಿದಳು. ಹೊರಗೆ ಬಂದು ಜಗಲಿಯ ಮೇಲೆ ಕೂತು ಪ್ರಶ್ನೆಗಳ ಹಾಳೆ ತಿರುವಿದಳು. ಯಾರು ಅಡುಗೆ ಮಾಡುತ್ತಾರೆ, ಬಟ್ಟೆ ಎಷ್ಟು ದಿನಕ್ಕೊಮ್ಮೆ ಒಗೆಯುತ್ತಾರೆ ಎಂದೆಲ್ಲ ಇತ್ತು. ಹಗ್ಗವನ್ನು ಬರೆಯಲು ಎಲ್ಲೂ ಜಾಗವಿರಲಿಲ್ಲ. ಕೆಳಗೆ ಅವಳೇ ಇನ್ನೊಂದು ಸಾಲು ಸೇರಿಸಿದಳು: ಕಾಯಿಲೆ ಬಂದ ಮೇಲೆ ಮನೆಯಲ್ಲಿ ನಿಮ್ಮ ಮೇಲೆ ಯಾರಾದರೂ ಕೈ ಮಾಡಿದ್ದಾರೆಯೇ?

ಕೇಳಿದರೆ ಜನ ಹೇಳಿದರು. ಬಾಯಿ ಹುಣ್ಣಿನ ವಾಸನೆಗೆ ಹೇಸಿ ಅಣ್ಣ ಒದ್ದ ಕಥೆ, ಸೊಸೆ ಸೌದೆಯಲ್ಲಿ ಬಡಿದ ಕಥೆ. ಕೇಳುತ್ತಾ ಕೇಳುತ್ತಾ ಅವಳಿಗೆ ಊಟ ಸೇರದಾಯಿತು. ಬಸ್ಸಿನಲ್ಲಿ ಕೂತಾಗ ಕಾರಣವಿಲ್ಲದೆ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಮೂವತ್ತೊಂದನೆಯ ಮನೆ ಸೋಸಲೆಯಿಂದ ಎರಡು ಮೈಲಿ ಆಚೆಗಿನ ಹಳ್ಳಿಯಲ್ಲಿತ್ತು. ಗರ್ಭಕೋಶದ ಕ್ಯಾನ್ಸರ್‌ಗೆ ಮೈಸೂರಿನಲ್ಲಿ ವಿಕಿರಣ ಚಿಕಿತ್ಸೆ, ಜನರ ಬಾಯಲ್ಲಿ 'ಕರೆಂಟು', ಕೊಡಿಸಿಕೊಂಡು ಬಂದಿದ್ದ ಚಿಕ್ಕಬಸಮ್ಮನ ಮನೆ. ನಡುಮಧ್ಯಾಹ್ನ. ಚಿಕ್ಕಬಸಮ್ಮ ಕೊಟ್ಟಿಗೆಯಲ್ಲಿ, ಗೋಣಿತಾಟಿನ ಮೇಲೆ ಮುದುಡಿ ಮಲಗಿದ್ದಳು. ಇಪ್ಪತ್ತು ಪ್ರಶ್ನೆಗೂ ಹೂಂ, ಊಹೂಂ ಎಂದವಳು ಇಪ್ಪತ್ತೊಂದನೆಯದಕ್ಕೆ ಸೀರೆ ಸರಿಸಿ ತೊಡೆ ತೋರಿಸಿದಳು. ಕರೆಂಟು ಕೊಟ್ಟ ಕಡೆ ಚರ್ಮ ಕಪ್ಪಾಗಿ ಸುಲಿಯುವುದು ಪುಟ್ಟಬಸಮ್ಮನಿಗೆ ಗೊತ್ತು. ಇದು ಅದಲ್ಲ. ಸಾಲಾಗಿ ಆರು ಬರೆ, ಆರೂ ಕುಡುಗೋಲಿನಂತೆ ಬಾಗಿದವು. ಎರಡು ಇನ್ನೂ ಹಸಿಯಾಗಿ ಕೀವು ತುಂಬಿಕೊಂಡಿದ್ದವು.

"ಯಾರು?"

"ನಮ್ಮಟ್ಟೀರು" ಎಂದಳು ಚಿಕ್ಕಬಸಮ್ಮ, ಗಂಡನನ್ನು ಕುರಿತು. "ಕುಡ್ಗೋಲ ಒಲೇಲಿ ಕಾಯ್ಸ್ಕಂಡು ಬತ್ತರೆ. ಮಗ್ಗುಲಿಗೆ ಕರೀತರೆ, ಆಯ್ಕಿಲ್ಲ ಅಂತೀನಿ, ರಗುತ ಓಯ್ತದೆ ಕಣವ್ವ. ಇನ್ಯಾರ್ತಾವೋ ಓಗಿ ತಂದಿದ್ದೀಯ ಈ ರೋಗವ ಅಂತ..."

ಮಾತು ಮುಗಿಯುವ ಮುಂಚೆಯೇ ಬಾಗಿಲು ಕತ್ತಲಾಯಿತು. ಗಂಡ ಶಿವಮಲ್ಲಪ್ಪ ಕೈಯಲ್ಲಿ ದೊಣ್ಣೆ ಹಿಡಿದು ನಿಂತಿದ್ದ.

"ಯಾರಮ್ಮೀ ನೀನು, ನಮ್ಮಟ್ಟಿ ವಿಚಾರ ಕೇಳಾಕೆ?"

ಅವನು ಬೀಸಿದ್ದು ಹೆಂಡತಿಯ ತಲೆಗೆ. ಪುಟ್ಟಬಸಮ್ಮ ಎಡಗೈ ಅಡ್ಡ ಕೊಟ್ಟಳು. ಮಣಿಕಟ್ಟಿನ ಮೂಳೆ ಲಟ್ಟೆಂದಿತು. ಎರಡನೆಯ ಏಟು ಚಿಕ್ಕಬಸಮ್ಮನ ಬೆನ್ನಿಗೆ ಬಿತ್ತು. ಅವಳು ಕೂಗಲೂ ಇಲ್ಲ. ಏಟು ತಿಂದು ಅಭ್ಯಾಸವಾದವರಂತೆ ತಲೆಯನ್ನು ಮೊಣಕಾಲ ನಡುವೆ ಹುದುಗಿಸಿಕೊಂಡಳು. ಅದನ್ನು ಕಂಡ ಪುಟ್ಟಬಸಮ್ಮ ಸುತ್ತ ನೋಡಿದಳು. ಗೋಡೆಗೊರಗಿಸಿದ್ದ ಗುದ್ದಲಿಯ ಮರದ ಕಾವು ಬಲಗೈಗೆ ಸಿಕ್ಕಿತು. ಬೀಸಿದಳು. ಅವನ ಹೆಗಲ ಮುಂದಿನ ಮೂಳೆ ಮುರಿಯಿತು. ಅವನು ಮಂಡಿಯೂರಿದ ಮೇಲೂ ಇನ್ನೊಂದು ಕೊಟ್ಟಳು. ಆ ಎರಡನೆಯ ಏಟು ಬೇಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಕೊಡುವಾಗಲೂ ಗೊತ್ತಿತ್ತು.

ಶಿವಮಲ್ಲಪ್ಪ ಸಗಣಿಯ ಮೇಲೆ ಬಿದ್ದು "ಅವ್ವಾ, ಅವ್ವಾ" ಎಂದು ನರಳುತ್ತಿದ್ದ. ಪುಟ್ಟಬಸಮ್ಮ ಕಾವನ್ನು ಎಸೆದು, ಅವನದೇ ಟವೆಲನ್ನು ಒಂದೇ ಕೈಯಲ್ಲಿ, ಹಲ್ಲಲ್ಲಿ ಕಚ್ಚಿ ಗಂಟು ಹಾಕಿ, ಅವನ ತೋಳನ್ನು ಕತ್ತಿಗೆ ಕಟ್ಟಿದಳು. ಗದ್ದಲ ಕೇಳಿ ಬಂದ ಪಕ್ಕದ ಮನೆಯ ರಾಚಯ್ಯ ಬಾಗಿಲಲ್ಲೇ ಬೆರಗಾಗಿ ನಿಂತ.

"ಗಾಡಿ ಕಟ್ಟಪ್ಪ. ಮೂರು ಜನಾನೂ ನರಸೀಪುರಕ್ಕೆ ಹೋಗ್ಬೇಕು" ಎಂದಳು.

ಒಂದೇ ಗಾಡಿಯಲ್ಲಿ ಮೂವರೂ ಆಸ್ಪತ್ರೆ ಸೇರಿದರು. ಪೊಲೀಸರು ಬಂದು ಕೇಳಿದಾಗ ಶಿವಮಲ್ಲಪ್ಪ ಗಾಡಿಯಿಂದ ಬಿದ್ದೆನೆಂದು ಬರೆಸಿದ. ಹೆಂಗಸಿನ ಕೈಲಿ ಏಟು ತಿಂದೆ ಎನ್ನಲು ಅವನಿಗೆ ನಾಲಗೆ ಬರಲಿಲ್ಲ. ಪುಟ್ಟಬಸಮ್ಮ ಮಾತ್ರ ನಡೆದದ್ದನ್ನು ನಡೆದಂತೆ ಹೇಳಿದಳು. ಅವನ ಹೇಳಿಕೆಯ ಮುಂದೆ ಅದು ನಿಲ್ಲದೆ ಹೋಯಿತು; ಯಾರ ಮೇಲೂ ಕೇಸಾಗಲಿಲ್ಲ.

ಚಿಕ್ಕಬಸಮ್ಮ ಆಸ್ಪತ್ರೆಯ ಮಂಚದ ಮೇಲೆ ಏಳು ವಾರ ಬದುಕಿದಳು. ಬರೆಗಳು ಮಾಯ್ದವು, ರೋಗ ಮಾಯಲಿಲ್ಲ. ಒಂದು ದಿನ ಗಂಡ ಬಂದು ವಾರ್ಡಿನ ಹೊರಗೆ ನಿಂತ. "ಒಳಗೆ ಬಿಡ್ಲಾ?" ಎಂದು ಅವಳನ್ನು ನೋಡಲು ಬಂದಿದ್ದ ಪುಟ್ಟಬಸಮ್ಮ ಕೇಳಿದಾಗ, "ಬ್ಯಾಡ ಕಣವ್ವ. ಮೈ ನಡುಗ್ತದೆ" ಎಂದಳು ಚಿಕ್ಕಬಸಮ್ಮ. ಅವನನ್ನು ಯಾರೂ ಒಳಗೆ ಬಿಡಲಿಲ್ಲ. ಅವಳು ಸತ್ತದ್ದು ನಿದ್ದೆಯಲ್ಲಿ.

ಅಧ್ಯಯನದ ಕರಡು ಓದಿದ ಅಲಮೇಲು ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಅವನಿಗೆ ಹೊಡೆದದ್ದನ್ನ ತೆಗೆದುಬಿಡಿ, ಪುಟ್ಟಬಸಮ್ಮ. ಫೇಲ್ ಮಾಡ್ತಾರೆ."

"ಯಾರು ಯಾರಿಗೆ ಹೊಡೆದರು ಅಂತ ಎಲ್ಲಾ ಮನೇದೂ ಬರೆದಿದ್ದೀನಿ, ಮೇಡಂ. ನಂದೊಂದು ಬಿಟ್ರೆ ಅದು ಸುಳ್ಳಾಗುತ್ತೆ."

ತೆಗೆಯಲಿಲ್ಲ. ಐವತ್ತೆಂಟು ಮನೆಗಳಲ್ಲಿ ಇಪ್ಪತ್ತಮೂರರಲ್ಲಿ ರೋಗಿಯ ಮೇಲೆ ಕೈ ಮಾಡಿದ್ದರು. ಪರೀಕ್ಷಕರು ಇದು ನರ್ಸಿಂಗಿಗೆ ಸೇರಿದ ವಿಷಯವೇ ಅಲ್ಲ ಎಂದು ವಾದಿಸಿ, ಕೊನೆಗೆ ಪಾಸಾಗುವಷ್ಟೇ ಅಂಕ ಕೊಟ್ಟರು. ಪುಟ್ಟಬಸಮ್ಮ ಸೊಟ್ಟಗೆ ಕೂಡಿಕೊಂಡ ಮಣಿಕಟ್ಟಿನೊಂದಿಗೆ ಕೆಲಸಕ್ಕೆ ಮರಳಿದಳು. ರೋಗಿಯನ್ನು ಮನೆಗೆ ಕಳಿಸುವ ಮುಂಚೆ ಮನೆಯವರನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿಕೊಂಡು, ಆ ಒಂದು ಪ್ರಶ್ನೆಯನ್ನು ಕೇಳುವುದನ್ನು ಅವಳು ನಿವೃತ್ತಿಯಾಗುವ ತನಕ ಬಿಡಲಿಲ್ಲ. ಶಿವಮಲ್ಲಪ್ಪನಿಗೆ ತಾನು ಕೊಟ್ಟ ಆ ಎರಡನೆಯ ಏಟಿನ ಬಗ್ಗೆ ಯಾರಾದರೂ ಕೇಳಿದರೆ ಮಾತ್ರ ಎದ್ದು ಹೋಗುತ್ತಿದ್ದಳು.