ನೆಂಟರಿಗೆಂದು ತೊಳೆದ ಶೆಡ್ಡು

ಗೋಣಿಯಕ್ಕನಿಗೆ ಆ ಹೆಸರು ಬಂದದ್ದು ಹೆಗಲ ಮೇಲಿನ ಗೋಣಿಚೀಲದಿಂದ. ಗಂಡ ಕೈಬಿಟ್ಟ ಮೇಲೆ ಕಸ ಆಯ್ದೇ ಮಕ್ಕಳನ್ನು ದಡ ಮುಟ್ಟಿಸಿದಳು. ದಾರಿಯವರು ಬೈದರೆ ತಿರುಗಿ ಎರಡು ಬೈದಳು. ಕಸ ಎಸೆಯುವವರಿಗಿಲ್ಲದ ನಾಚಿಕೆ ಎತ್ತುವವರಿಗೆ ಯಾಕೆ? ಆಮೇಲೆ ಓಣಿಯ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದಳು. ನಗರಸಭೆಯ ಬಾಗಿಲಲ್ಲಿ ಬಿಸಿಲೆನ್ನದೆ ಕೂತು, ಕಸ ವಿಂಗಡಿಸಲು ಒಂದು ತಗಡಿನ ಶೆಡ್ಡು ಗಿಟ್ಟಿಸಿದಳು.

ಈಗ ಅದಕ್ಕೇ ಸಂಚಕಾರ ಬಂದಿತ್ತು. ಶೆಡ್ಡಿನಲ್ಲಿ ಕೆಲಸವೇ ನಡೆಯುವುದಿಲ್ಲ, ತನ್ನ ಲಾರಿ ನಿಲ್ಲಿಸಲು ಕೊಡಿ ಎಂದು ಕಂಟ್ರಾಕ್ಟರನೊಬ್ಬ ಗಂಟುಬಿದ್ದಿದ್ದ. ನಗರಸಭೆಯ ಸಾಹೇಬರು ಮಧ್ಯಾಹ್ನ ಬಂದು ಕಣ್ಣಾರೆ ನೋಡಿ ತೀರ್ಮಾನಿಸುವವರಿದ್ದರು. ಅದೇ ದಿನ ಬೆಳಿಗ್ಗೆ, ಸಮುದ್ರದಾಚೆಯ ಇನ್ನೊಂದು ಬಡದೇಶದಿಂದ, ಅಲ್ಲಿಯ ಕಸ ಆಯುವವರ ಸಂಘದ ಮೂವರು ಹೆಂಗಸರು ಇವರ ಕೆಲಸ ನೋಡಲು ಬರುವವರಿದ್ದರು.

ನೆಂಟರು ಬರುತ್ತಾರೆಂದರೆ ಮನೆ ಗುಡಿಸದೆ ಇರಲಾದೀತೇ? ಗೋಣಿಯಕ್ಕ ಹಿಂದಿನ ದಿನವೇ ಕಸವನ್ನೆಲ್ಲ ಸಾಗಿಸಿ, ನೆಲ ತೊಳೆಸಿ, ಚಾಪೆ ಹಾಸಿಸಿದಳು. ಕೈಗಾಡಿಗಳಿಗೂ ರಜೆ ಕೊಟ್ಟಳು.

ಬಂದವರು ಬಾಗಿಲಲ್ಲೇ ನಿಂತರು. ತಲೆಗೆ ಬಟ್ಟೆ ಸುತ್ತಿದ್ದ ದಪ್ಪನೆಯ ಹೆಂಗಸು ಏನೋ ಕೇಳಿದಳು. ಜೊತೆಗೆ ಬಂದಿದ್ದ ದುಭಾಷಿ ಹುಡುಗಿ ತಡವರಿಸಿದಳು.

"ಏನಂತಮ್ಮಾ?" ಎಂದಳು ಗೋಣಿಯಕ್ಕ.

"ಕಸ ಎಲ್ಲಿ ಅಂತ ಕೇಳ್ತಿದಾರೆ."

"ಅಯ್ಯೋ, ನಿಮಗೋಸ್ಕರ ತಾನೇ ತೊಳೆಸಿದ್ದು."

"ಇನ್ಮೇಲೆ ಇಲ್ಲಿ ಮದುವೆ ಮಾಡಿಸ್ಬಹುದು ಬಿಡಕ್ಕ," ಎಂದು ಸಂಘದಲ್ಲೇ ಇದ್ದ ಅವಳ ತಂಗಿ ಕಿಚಾಯಿಸಿದಳು.

ದಪ್ಪನೆಯವಳು ಮಾತ್ರ ನಗಲಿಲ್ಲ. ಅವಳಂದದ್ದನ್ನು ಹುಡುಗಿ ಹೇಳಿದಳು: "ಅವರಲ್ಲೂ ಹೀಗೇ ಅಧಿಕಾರಿ ಬರ್ತಾರೆ ಅಂತ ಗುಡಿಸಿಟ್ಟಿದ್ರಂತೆ. ಬಂದೋರು ಖಾಲಿ ಬಿದ್ದಿದೆ ಅಂತ ಬೀಗ ಜಡಿದ್ರಂತೆ. ವಾಪಸ್ ತಗೊಳ್ಳೋದ್ರಲ್ಲಿ ಸಾಕುಬೇಕಾಯ್ತಂತೆ."

ಗೋಣಿಯಕ್ಕ ತೊಳೆದ ಖಾಲಿ ನೆಲದತ್ತ ನೋಡಿದಳು. ಸಾಹೇಬರಿಗೂ ಚೊಕ್ಕಟವೇ ಮೆಚ್ಚುಗೆಯಾದೀತೆಂದು ಅವಳು ಬಗೆದಿದ್ದಳು.

"ಏನ್ರೇ ಬಾಯಿ ಬಿಟ್ಕೊಂಡು ನಿಂತಿದೀರಾ? ಗಾಡಿ ತೆಗೀರಿ," ಎಂದು ಗದರಿದಳು.

ಕೂತುಕೊಳ್ಳಿ ಎಂದರೂ ನೆಂಟರು ಕೇಳಲಿಲ್ಲ. ದಪ್ಪನೆಯವಳು ಅಂಗಿಯ ತೋಳು ಮಡಚಿ ಒಂದು ಗಾಡಿ ಹಿಡಿದೇಬಿಟ್ಟಳು. ಅಂಗಡಿಬೀದಿಯಲ್ಲಿ ತನ್ನ ಭಾಷೆಯಲ್ಲೇ ಕೂಗು ಹಾಕಿದಳು. ಇದ್ಯಾವ ಕೂಗಪ್ಪಾ ಎಂದು ಹೊರಬಂದವರ ಕೈಯಿಂದ ಗೋಣಿಯಕ್ಕ ಕಸ ಇಸಿದುಕೊಂಡಳು.

ಶೆಡ್ಡು ತುಂಬಿತು. ಇಬ್ಬರೂ ಎದುರುಬದುರು ಕೂತರು. ದಪ್ಪನೆಯವಳು ಪ್ಲಾಸ್ಟಿಕ್ಕನ್ನು ಕಿವಿಯ ಬಳಿ ಹಿಸುಕಿ, ಚರಚರ ಎಂದದ್ದನ್ನು ಒಂದು ಕಡೆ, ಸದ್ದು ಮಾಡದ್ದನ್ನು ಇನ್ನೊಂದು ಕಡೆ ಎಸೆದಳು. ಗೋಣಿಯಕ್ಕ ಪ್ಲಾಸ್ಟಿಕ್ಕಿನ ಜಾತಿ ಗುರುತಿಸುವುದೂ ಹಾಗೆ ಸದ್ದಿನಿಂದಲೇ. ಆಮೇಲೆ ದುಭಾಷಿಯ ಅಗತ್ಯ ಬೀಳಲಿಲ್ಲ.

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದೇ ಬಂದರು. ಹಿಂದೆ ಕಂಟ್ರಾಕ್ಟರ.

"ಖಾಲಿ ಬಿದ್ದಿದೆ ಅಂದ್ರಲ್ರೀ, ಕಾಲಿಡೋಕೆ ಜಾಗ ಇಲ್ಲ ಇಲ್ಲಿ," ಎಂದರು ಅವನಿಗೆ. "ಲಾರಿಗೆ ಬೇರೆ ಕಡೆ ನೋಡ್ಕೊಳ್ಳಿ."

ಸಾಹೇಬರು ಹೋದ ಮೇಲೂ ಗೋಣಿಯಕ್ಕ ಏಳಲಿಲ್ಲ. ದಪ್ಪನೆಯವಳು ಇನ್ನೊಂದು ಮೂಟೆ ಬಿಚ್ಚಿ ಇಬ್ಬರ ನಡುವೆ ಸುರಿದಳು.